ಬಾನೆಟ್ ಎತ್ತಿದರೆ ಮಾನ ಹೋಗುವುದಿಲ್ಲ

ಯಾದಗಿರಿ, ಶಹಾಪುರ, ಸುರಪುರದ ರಸ್ತೆಗಳಲ್ಲಿ ಜರ್ಮನ್ ಕಾರು ಕಂಡರೆ ಈಗ ಯಾರೂ ಕತ್ತು ಹೊರಳಿಸಿ ನೋಡುವುದಿಲ್ಲ. ಹೊಸದಾಗಿ ಶೋರೂಮಿನಿಂದ ಬಂದವು ಕಡಿಮೆ. ಹೆಚ್ಚಿನವು ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ಎರಡನೇ, ಮೂರನೇ ಕೈಗೆ ದಾಟಿ ಬಂದವು. ಕೆಲವು ದಿಲ್ಲಿಯವು. ಹತ್ತು ವರ್ಷ ದಾಟಿದ ಡೀಸೆಲ್ ವಾಹನ ರಾಜಧಾನಿಯಲ್ಲಿ ಓಡಕೂಡದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿ, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದ ಮೇಲೆ, ವಯಸ್ಸಾಗುತ್ತ ಬಂದ ಅಲ್ಲಿನ ದೊಡ್ಡ ಕಾರುಗಳು ಅಗ್ಗಕ್ಕೆ ದಕ್ಷಿಣದ ಹಾದಿ ಹಿಡಿದವು. ಎನ್‌ಒಸಿ ತರಿಸಿ, ಇಲ್ಲಿನ ತೆರಿಗೆ ಕಟ್ಟಿ, ಕೆಎ-33 ನಂಬರ್ ಹಾಕಿಸಿದರೆ ಸಣ್ಣದೊಂದು ಹೊಸ ಕಾರಿನ ದುಡ್ಡಿಗೆ ದೊಡ್ಡ ಕಾರು ಬಾಗಿಲಿಗೆ ಬಂದು ನಿಲ್ಲುತ್ತದೆ. ಕೊಳ್ಳುವುದು ಸುಲಭವಾಯಿತು. ಸಾಕುವುದು ಆಗಲಿಲ್ಲ.

ಇಂಥ ಕಾರಿನ ಆಯಿಲ್, ಫಿಲ್ಟರ್, ವೈಪರ್, ಬ್ಯಾಟರಿ, ಬ್ರೇಕ್ ಪ್ಯಾಡ್, ಇಷ್ಟನ್ನು ಮಾಲೀಕ ಮನೆ ಅಂಗಳದಲ್ಲೇ ಬದಲಿಸಿಕೊಳ್ಳಬಹುದು ಎಂದು ನಾನು ಹೇಳುತ್ತಲೂ ಮಾಡುತ್ತಲೂ ಬಂದಿದ್ದೇನೆ. ಅದಕ್ಕೆ ನೆಂಟರಿಂದ, ಗಂಜಿನ ಗೆಳೆಯರಿಂದ, ಒಬ್ಬಿಬ್ಬರು ಮೆಕ್ಯಾನಿಕ್‌ಗಳಿಂದ, ಕಾರು ಕೊಟ್ಟು-ತೊಗೊಳ್ಳುವ ದಲ್ಲಾಳಿಗಳಿಂದ ಬಂದ ಆಕ್ಷೇಪಗಳಿಗೆ ಲೆಕ್ಕವಿಲ್ಲ. ಕೆಲವಕ್ಕೆ ತೂಕವಿದೆ, ಕೆಲವು ಬರೀ ಗಾಳಿ. ಚಹಾ ಅಂಗಡಿಯಲ್ಲಿ ತುಂಡು ತುಂಡಾಗಿ ಉತ್ತರ ಹೇಳಿ ಸಾಕಾಗಿದೆ. ಇಲ್ಲಿ ಒಂದು ಕಡೆಯಿಂದ ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು ಬರುವುದು ಮಾನದ ಪ್ರಶ್ನೆ. "ಅಲ್ರೀ ಸಾವ್ಕಾರ್ರ, ಆನಿ ತಂದವ್ರಿಗಿ ಅಂಕುಶ ತರ್ಲಿಕ್ಕ ಆಗಂಗಿಲ್ಲೇನ್ರಿ? ಇಷ್ಟ ದೊಡ್ಡ ಗಾಡಿ ಇಟ್ಕೊಂಡು ಅದರ ಬುಡಕ ಮಲಗೂದು ಚೊಲೊ ಕಾಣ್ತದೇನು?"

ಕೃಷ್ಣೆಯ ಕಾಲುವೆ ನೀರು ಹರಿಯುವ ಹುಣಸಗಿ, ಕೆಂಭಾವಿ ಕಡೆ ಭತ್ತದ ಕೊಯ್ಲಿನ ಹೊತ್ತಿಗೆ ಬರುವ ಕಟಾವು ಯಂತ್ರಗಳನ್ನು ಇವರು ನೋಡಿಲ್ಲವೆ? ನನ್ನ ಕಾರನ್ನು ಇವತ್ತು ಮಾರಿದರೆ ಬರುವ ದುಡ್ಡಿನಲ್ಲಿ ಅಂಥ ಯಂತ್ರದ ಅರ್ಧವೂ ಸಿಗದು. ಅದರ ಚಾಲಕ ಬೆಳಕು ಹರಿಯುವ ಮುಂಚೆ ಗದ್ದೆಯ ಬದುವಿನ ಮೇಲೇ ಗ್ರೀಸ್ ಗನ್ ಹಿಡಿದು ಕೂರುತ್ತಾನೆ, ರೇಡಿಯೇಟರಿಗೆ ಅಂಟಿದ ಹೊಟ್ಟು ಝಾಡಿಸುತ್ತಾನೆ, ಬೆಲ್ಟಿನ ಬಿಗಿ ಹೆಬ್ಬೆರಳಿನಿಂದ ಒತ್ತಿ ನೋಡುತ್ತಾನೆ. ಅವನನ್ನು ಯಾರೂ ಜುಗ್ಗ ಅನ್ನುವುದಿಲ್ಲ, ಹುಷಾರಿ ಅನ್ನುತ್ತಾರೆ. ಹಳೆಯ ಟ್ರ್ಯಾಕ್ಟರಿನ ಏರ್ ಕ್ಲೀನರ್ ಬಟ್ಟಲಿನ ಎಣ್ಣೆ ಚೆಲ್ಲಿ ಹೊಸದು ಹಾಕುವುದು ಒಕ್ಕಲುತನದ ಮನೆಯ ಹುಡುಗರಿಗೆಲ್ಲ ಗೊತ್ತು. ಬಂಡಿಯ ಕಾಲದಲ್ಲಿ ಕೀಲೆಣ್ಣೆ ಹಾಕಿಸಲು ಯಾರೂ ಕಲಬುರಗಿಗೆ ಹೋಗುತ್ತಿರಲಿಲ್ಲ. ದುಡಿಯುವ ಯಂತ್ರಕ್ಕೆ ಇಲ್ಲದ ಮಡಿ-ಮೈಲಿಗೆ ಮೆರೆಯುವ ಯಂತ್ರಕ್ಕೆ ಮಾತ್ರ ಎಲ್ಲಿಂದ ಬಂತು? ಬಸವ ಜಯಂತಿಯ ದಿನ ವೇದಿಕೆ ಹತ್ತಿ ಕಾಯಕದ ಮೇಲೆ ಭಾಷಣ ಬಿಗಿಯುವವರೇ ಮರುದಿನ ನನ್ನ ಕರಿ ಕೈ ನೋಡಿ ನಗುತ್ತಾರೆ. ನಗಲಿ ಬಿಡಿ. ಈ ಆಕ್ಷೇಪಕ್ಕೆ ಇಷ್ಟು ಸಾಕು.

ಎರಡನೆಯವರು ಲೆಕ್ಕದ ಜನ. "ಇಷ್ಟೆಲ್ಲ ಮಾಡಿ ಎಷ್ಟು ಉಳಿದೀತು?" ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆ. ಉಳಿತಾಯದ ಬಗ್ಗೆ ನಾನು ದೊಡ್ಡ ಮಾತು ಆಡುವುದಿಲ್ಲ. ದೊಡ್ಡ ಕಾರಿನವರ ಬೆನ್ನು ಮುರಿಯುವ ಬಿಲ್ಲುಗಳು ಟರ್ಬೊ, ಇಂಜೆಕ್ಟರ್, ಏರ್ ಸಸ್ಪೆನ್ಶನ್‌ನಂಥ ಕಡೆಯಿಂದ ಬರುತ್ತವೆ. ಆಯಿಲ್ ಬದಲಿಸಿ ಯಾರೂ ಶ್ರೀಮಂತರಾಗಿಲ್ಲ. ಆದರೂ ಲೆಕ್ಕ ಹಾಕೋಣ. ಯಾದಗಿರಿಯಿಂದ ಹೈದರಾಬಾದಿಗೆ ಹೋಗಿ ಬರಲು ಹತ್ತಿರ ಹತ್ತಿರ 400 ಕಿ.ಮೀ. ಶಹಾಪುರದವರು ಇನ್ನೊಂದು 70 ಸೇರಿಸಬೇಕು, ಸುರಪುರದವರು ಅದಕ್ಕೂ ಮೇಲೆ. ಲೀಟರಿಗೆ 15 ಕಿ.ಮೀ. ಕೊಟ್ಟರೂ 400 ಕಿ.ಮೀ.ಗೆ 27 ಲೀಟರ್ ಡೀಸೆಲ್. 90 ರೂಪಾಯಿಯಂತೆ ಹಿಡಿದರೆ 2,400 ರೂಪಾಯಿ ರಸ್ತೆಯಲ್ಲೇ ಹೋಯಿತು. ಆಮೇಲೆ ಬಿಲ್ಲಿನಲ್ಲಿ ಲೇಬರ್ ಎಂಬ ಸಾಲು, ಅದರ ಮೇಲೆ ನೂರಕ್ಕೆ 18ರ ಜಿಎಸ್‌ಟಿ. ಒಂದು ದಿನದ ಅಂಗಡಿ ಬಂದ್. ಸಂಜೆಯೊಳಗೆ ಗಾಡಿ ಕೈಗೆ ಸಿಗದಿದ್ದರೆ ಲಾಡ್ಜಿನ ಖರ್ಚು. ಬೆಂಗಳೂರಾದರೆ ಒಂದು ಕಡೆಗೇ 500 ಕಿ.ಮೀ. ಹತ್ತಿರ, ಆ ಮಾತು ಬೇಡವೇ ಬೇಡ.

ಲೆಕ್ಕದವರು ಬಿಟ್ಟುಬಿಡುವ ಒಂದು ಬಾಬತ್ತಿದೆ. ದೂರವಿರುವ ಕಾರಣಕ್ಕೇ ಕೆಲಸ ಮುಂದಕ್ಕೆ ಹೋಗುತ್ತದೆ. "ಮುಂದಿನ ತಿಂಗಳು ಹೈದರಾಬಾದಿಗೆ ಮದುವೆಗೆ ಹೋಗೋದೈತಿ, ಆವಾಗ ಮಾಡಿಸಿದರಾಯ್ತು" ಎಂದು ಆರಂಭವಾದದ್ದು ಸುಗ್ಗಿ ಮುಗಿಯುವವರೆಗೂ ಎಳೆಯುತ್ತದೆ. ಅಷ್ಟರಲ್ಲಿ ಆಯಿಲ್ ಡಾಂಬರಾಗಿರುತ್ತದೆ, ಕೂಲಂಟ್ ಕನಿಷ್ಠ ಗೆರೆಯ ಕೆಳಗೆ ಇಳಿದಿರುತ್ತದೆ. ನಮ್ಮ ಊರುಗಳಲ್ಲಿ ಮಾಲೀಕನ ಮುಂದಿರುವ ಆಯ್ಕೆ ಕಂಪನಿ ವರ್ಕ್‌ಶಾಪೋ ಸ್ವಂತ ಕೈಯೋ ಎಂಬುದಲ್ಲವೇ ಅಲ್ಲ. ಒಂದೋ ಅವನು ತಾನೇ ಮಾಡಿಕೊಳ್ಳುತ್ತಾನೆ, ಇಲ್ಲವಾದರೆ ಆ ಕೆಲಸ ಆಗುವುದೇ ಇಲ್ಲ. ಬೆಂಗಳೂರಿನವರ ತರ್ಕವನ್ನು ಇಲ್ಲಿ ತಂದು ಹೂಡಿದರೆ ಅದು ಹಿಡಿಯದೇ ಇರುವುದು ಇದಕ್ಕೇ.

ಮೂರನೆಯದು ವಾರಂಟಿ. "ನೀವು ಒಂದು ಬೋಲ್ಟ್ ಮುಟ್ಟಿದರೂ ಕಂಪನಿ ವಾರಂಟಿ ರದ್ದು ಮಾಡುತ್ತದೆ." ಇದನ್ನು ಹೇಳುವವರು ಬಹಳ, ಓದಿ ನೋಡಿದವರು ಕಡಿಮೆ. ಮೊದಲನೆಯದಾಗಿ, ಈ ಕಾರುಗಳ ಮೂಲ ವಾರಂಟಿಯೇ ಎರಡೋ ಮೂರೋ ವರ್ಷದ್ದು. ಹಣ ಕಟ್ಟಿ ಅದನ್ನು ಮುಂದುವರಿಸಿಕೊಂಡವರೂ ಇದ್ದಾರೆ, ಸರಿ. ಆದರೆ ಎಂಟು ವರ್ಷ ಹಳೆಯ ಕಾರಿಗೆ ಇಲ್ಲದ ವಾರಂಟಿ ಹೋಗುತ್ತದೆಂದು ಹೆದರಿಸುವುದು ಯಾವ ನ್ಯಾಯ?

ಇನ್ನು ವಾರಂಟಿ ಇರುವ ಕಾರಿನ ಮಾತು. ಶಂಶೇರ್ ಕಟಾರಿಯಾ ಎಂಬುವರು 2011ರಲ್ಲಿ ಭಾರತೀಯ ಸ್ಪರ್ಧಾ ಆಯೋಗಕ್ಕೆ ಒಂದು ದೂರು ಕೊಟ್ಟರು. ಕಾರು ಕಂಪನಿಗಳು ತಮ್ಮ ಅಸಲಿ ಬಿಡಿಭಾಗಗಳನ್ನು, ದೋಷ ಪತ್ತೆ ಮಾಡುವ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಕಟ್ಟಿಹಾಕಿವೆ ಎಂಬುದು ದೂರಿನ ಸಾರ. ವಿಚಾರಣೆ ನಡೆದು 2014ರ ಆಗಸ್ಟ್ 25ರಂದು ಆಯೋಗ 14 ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ಮಾರುತಿ, ಟಾಟಾ, ಮಹೀಂದ್ರ, ಟೊಯೊಟಾ ಜೊತೆಗೆ ಬಿಎಂಡಬ್ಲ್ಯು, ಮರ್ಸಿಡಿಸ್-ಬೆಂಜ್, ಫೋಕ್ಸ್‌ವ್ಯಾಗನ್, ಸ್ಕೋಡಾ ಎಲ್ಲವೂ ಆ ಪಟ್ಟಿಯಲ್ಲಿದ್ದವು. ಹೊರಗಿನ ಗ್ಯಾರೇಜಿನಲ್ಲಿ ಕೆಲಸ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ಪೂರ್ತಿ ರದ್ದು ಎಂಬ ಸಾರಾಸಗಟು ಷರತ್ತು ಹಾಕುವಂತಿಲ್ಲ, ಹೊರಗಿನ ಕೆಟ್ಟ ಕೆಲಸದಿಂದಲೇ ಹಾನಿಯಾದ ಮಟ್ಟಿಗೆ ಮಾತ್ರ ಕಂಪನಿ ಕೈ ತೊಳೆದುಕೊಳ್ಳಬಹುದು ಎಂಬುದು ಆ ಆದೇಶದ ತಿರುಳು. ಪ್ರಕರಣ ಮೇಲ್ಮನವಿಗೆ ಹೋಯಿತು. 2016ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಟೊಯೊಟಾ, ಫೋರ್ಡ್, ನಿಸಾನ್ ಮೂವರ ವಿಷಯದಲ್ಲಿ ತಪ್ಪು ನಡೆದಿದೆ ಎಂಬ ಆಯೋಗದ ತೀರ್ಮಾನವನ್ನು ಒಪ್ಪಿ, ದಂಡವನ್ನು ಮಾತ್ರ ಇಳಿಸಿತು. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರೈಟ್ ಟು ರಿಪೇರ್' ಜಾಲತಾಣ ತೆರೆದಾಗ ಮೊಬೈಲ್, ಕೃಷಿ ಯಂತ್ರಗಳ ಜೊತೆ ಮೋಟಾರು ವಾಹನಗಳನ್ನೂ ಅದರಲ್ಲಿ ಸೇರಿಸಿತು. ಅಮೆರಿಕದಲ್ಲಂತೂ ಕಂಪನಿಯ ಬಿಡಿಭಾಗವನ್ನೇ ಬಳಸಬೇಕೆಂದು ವಾರಂಟಿಗೆ ಗಂಟು ಹಾಕುವುದನ್ನು 1975ರಲ್ಲೇ ಕಾಯ್ದೆ ತಡೆದಿದೆ.

ಇಷ್ಟು ಹೇಳಿದ ಮೇಲೆ ಎದುರಿನವರ ಪರವಾಗಿಯೂ ಒಂದು ಮಾತು. ಆಯೋಗದ ಆದೇಶದ ಬೆಳಕು ಬಿದ್ದಿರುವುದು ಸ್ವತಂತ್ರ ಗ್ಯಾರೇಜುಗಳ ಮೇಲೆ, ಅಂಗಳದಲ್ಲಿ ಲುಂಗಿ ಕಟ್ಟಿ ಕೂತ ಮಾಲೀಕನ ಮೇಲಲ್ಲ. ನಾಳೆ ಎಂಜಿನ್ ಕೈಕೊಟ್ಟು, ನಾನು ಹಾಕಿದ ಆಯಿಲ್ ಸರಿಯಿತ್ತೆಂದು ಸಾಧಿಸಲು ಗ್ರಾಹಕ ಆಯೋಗದ ಮೆಟ್ಟಿಲು ಹತ್ತಬೇಕಾದರೆ ಗೆದ್ದರೂ ಸೋತಂತೆ. ಅದಕ್ಕೆ ನನ್ನ ಸಲಹೆ ಇಷ್ಟೇ: ವಾರಂಟಿ ಜೀವಂತವಿದ್ದರೆ ಹೈದರಾಬಾದಿಗೇ ಹೋಗಿ, ದುಡ್ಡು ಕೊಟ್ಟು ರಸೀದಿ ತನ್ನಿ. ವೈಪರ್ ಬ್ಲೇಡಿಗೂ ಕ್ಯಾಬಿನ್ ಫಿಲ್ಟರಿಗೂ ಮಾತ್ರ ಹೋಗಬೇಡಿ.

"ಈಗಿನ ಗಾಡಿ ಎಲ್ಲಾ ಕಂಪ್ಯೂಟರ್, ಪಾನಾ ಹಿಡಿದವರ ಕಾಲ ಮುಗೀತು" ಎಂಬುದು ನಾಲ್ಕನೆಯ ಆಕ್ಷೇಪ. ಅರ್ಧ ನಿಜ. ಬಿಎಂಡಬ್ಲ್ಯುಗೆ ಹೊಸ ಬ್ಯಾಟರಿ ಕೂರಿಸಿದರೆ ಅದನ್ನು ಗಾಡಿಯ ಕಂಪ್ಯೂಟರಿಗೆ ತಿಳಿಸಬೇಕು. ಇಲ್ಲದಿದ್ದರೆ ಹಳೆಯ ಬ್ಯಾಟರಿ ಇದೆಯೆಂದುಕೊಂಡೇ ಅದು ಚಾರ್ಜ್ ಮಾಡುತ್ತ ಹೋಗಿ ಹೊಸದರ ಆಯುಷ್ಯ ತಿನ್ನುತ್ತದೆ. ಗುಂಡಿ ಒತ್ತಿದರೆ ಕಚ್ಚಿಕೊಳ್ಳುವ ಹ್ಯಾಂಡ್ ಬ್ರೇಕ್ ಇರುವ ಕಾರಿನ ಹಿಂದಿನ ಪ್ಯಾಡ್ ಬಿಚ್ಚುವ ಮುಂಚೆ ಅದರ ಮೋಟಾರನ್ನು ಸರ್ವಿಸ್ ಸ್ಥಿತಿಗೆ ತರಬೇಕು. ಜಿ-ಕ್ಲ್ಯಾಂಪ್ ಹಾಕಿ ಬಲವಂತ ಮಾಡಿದರೆ ಕ್ಯಾಲಿಪರ್ ಹೋಯಿತು. ಆದರೆ ಆ ಕಂಪ್ಯೂಟರಿನ ಜೊತೆ ಮಾತಾಡುವ ಸಾಕೆಟ್ ಸ್ಟೀರಿಂಗಿನ ಕೆಳಗೇ ಇದೆ. ಅದಕ್ಕೆ ಸಿಕ್ಕಿಸುವ ಅಡಾಪ್ಟರ್ ಕೆಲವೇ ಸಾವಿರ ರೂಪಾಯಿಗೆ ಬರುತ್ತದೆ. ಬಿಎಂಡಬ್ಲ್ಯುಗೆ ಬಿಮ್ಮರ್‌ಲಿಂಕ್, ಔಡಿಗೆ ಓಬಿಡಿ ಇಲೆವೆನ್ ಹೀಗೆ ಒಂದೊಂದಕ್ಕೂ ಮೊಬೈಲಿನಲ್ಲಿ ಓಡುವ ಆ್ಯಪ್ ಇವೆ. ಫೋನಿನಲ್ಲಿ ಪಹಣಿ ತೆಗೆಯುವ, ಹೈದರಾಬಾದಿನ ಹತ್ತಿಯ ಧಾರಣೆ ನೋಡುವ ನಮ್ಮ ಜನಕ್ಕೆ ಇದು ಕಬ್ಬಿಣದ ಕಡಲೆಯೇ? ಮತ್ತೆ, ಆಯಿಲ್ ಇಳಿಸುವ ಬೋಲ್ಟಿಗೆ ಕಂಪ್ಯೂಟರ್ ಇಲ್ಲ. ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ಪಿಗೂ ಇಲ್ಲ.

ಐದನೆಯ ಮಾತು ನನಗೆ ಎಲ್ಲಕ್ಕಿಂತ ರುಚಿಯಾದದ್ದು: "ಕಂಪನಿಗಿಂತ ನಿಮಗೆ ಹೆಚ್ಚು ಗೊತ್ತೇನು?" ಎಂಜಿನ್ ಕಟ್ಟುವ ವಿಷಯದಲ್ಲಿ ನನಗೆ ಏನೂ ಗೊತ್ತಿಲ್ಲ. ಶಹಾಪುರದ ಧೂಳಿನ ವಿಷಯದಲ್ಲಿ ಮಾತ್ರ ಮ್ಯೂನಿಕ್‌ನವರಿಗಿಂತ, ಸ್ಟುಟ್‌ಗಾರ್ಟ್‌ನವರಿಗಿಂತ ಖಂಡಿತ ಹೆಚ್ಚು ಗೊತ್ತು. ಸುಗ್ಗಿಯ ಕಾಲದಲ್ಲಿ ಒಮ್ಮೆ ಏರ್ ಫಿಲ್ಟರ್ ಡಬ್ಬಿ ಬಿಚ್ಚಿ ನೋಡಿ. ಕಾಗದದ ಮಡಿಕೆಗಳ ನಡುವೆ ಎರೆಮಣ್ಣಿನ ಬೂದು ಹುಡಿ, ಅದಕ್ಕೆ ಹೆಣೆದುಕೊಂಡ ಹತ್ತಿಯ ಎಳೆ, ತೊಗರಿಯ ಹೊಟ್ಟು, ಮೂಲೆಯಲ್ಲಿ ಒಣಗಿದ ಒಂದೆರಡು ಹುಳು. ಮೇಜಿನ ಮೇಲೆ ತಟ್ಟಿದರೆ ಹಿಡಿ ತುಂಬ ಮಣ್ಣು. ಜಿನ್ನಿಂಗ್ ಮಿಲ್ಲುಗಳ ಹಾದಿಯಲ್ಲಿ ದಿನಾ ಓಡಾಡುವ ಕಾರಿನ ರೇಡಿಯೇಟರ್ ಮುಂದೆ ಟಾರ್ಚ್ ಹಿಡಿದರೆ ಬಿಳಿ ಪರದೆ ಕಾಣುತ್ತದೆ. ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲಿಗೆ ಎ.ಸಿ. ತಂಪು ಕೊಡದಿದ್ದಾಗ ಗ್ಯಾಸ್ ತುಂಬಿಸಲು ಓಡುವವರಲ್ಲಿ ಎಷ್ಟೋ ಮಂದಿಗೆ ಬೇಕಾಗಿರುವುದು ಗ್ಲವ್ ಬಾಕ್ಸಿನ ಹಿಂದೋ ಬಾನೆಟ್ಟಿನ ಕೆಳಗೋ ಇರುವ ಕ್ಯಾಬಿನ್ ಫಿಲ್ಟರ್ ಅಷ್ಟೇ.

ಧೂಳಿರುವ ಕಡೆ ಫಿಲ್ಟರ್ ಬೇಗ ಬದಲಿಸಿ ಎಂದು ಕಂಪನಿಯ ಕೈಪಿಡಿಯಲ್ಲೇ ಇರುತ್ತದೆ. ಅದನ್ನು ಓದುವವರು ಯಾರು? ಡ್ಯಾಶ್‌ಬೋರ್ಡಿನ ಲೈಟ್ ಹೊತ್ತಿಕೊಳ್ಳುವವರೆಗೆ ಏನೂ ಬೇಡ ಎಂದು ಕಾಯುತ್ತಾರೆ. ಆ ಲೈಟಿಗೆ ಕಿಲೋಮೀಟರ್ ಗೊತ್ತು, ತಾರೀಖು ಗೊತ್ತು, ತೊಗರಿ ರಾಶಿ ಗೊತ್ತಿಲ್ಲ.

ವರ್ಕ್‌ಶಾಪಿಗೆ ಕೊಟ್ಟ ಮಾತ್ರಕ್ಕೆ ಕೆಲಸ ಆಗಿಯೇ ಇರುತ್ತದೆಂಬ ನಂಬಿಕೆಯೂ ಈ ಆಕ್ಷೇಪದ ಬೆನ್ನಿಗೆ ಅಂಟಿಕೊಂಡಿದೆ. ಸುರಪುರದ ಗೆಳೆಯರೊಬ್ಬರು ದೂರದ ಊರಿನ ವರ್ಕ್‌ಶಾಪೊಂದರಲ್ಲಿ ಪೂರ್ತಿ ಸರ್ವಿಸ್ ಮಾಡಿಸಿ ತಂದರು. ಕ್ಯಾಬಿನ್ ಫಿಲ್ಟರಿನ ದುಡ್ಡು ಬಿಲ್ಲಿನಲ್ಲಿ ಬಂದಿತ್ತು. ಮನೆಗೆ ಬಂದ ಮೇಲೂ ಕಮಟು ವಾಸನೆ ಹೋಗಲಿಲ್ಲ. ಇಬ್ಬರೂ ಕೂತು ಬಿಚ್ಚಿದೆವು. ಒಳಗಿದ್ದದ್ದು ಹಳೆಯ ಫಿಲ್ಟರೇ; ಅವರ ಮನೆ ಮುಂದಿನ ಹುಣಸೆಮರದ ಎಲೆ ಅದರ ಮಡಿಕೆಗಳಲ್ಲಿ ಸಾಲಾಗಿ ಕೂತಿತ್ತು. ಎಲ್ಲರೂ ಹೀಗೆ ಮಾಡುತ್ತಾರೆಂದು ನಾನು ಹೇಳಲಾರೆ. ಬಿಚ್ಚಿ ನೋಡುವುದು ಗೊತ್ತಿದ್ದವನಿಗೆ ಹೀಗೆ ಮಾಡುವುದು ಕಷ್ಟ, ಅಷ್ಟು ಹೇಳಬಲ್ಲೆ.

ಆರನೆಯದು ಅಪಾಯದ ಪ್ರಶ್ನೆ. ಇಲ್ಲಿ ನಾನು ವಾದ ಮಾಡುವುದಿಲ್ಲ, ಒಪ್ಪುತ್ತೇನೆ. ಎರಡು ಟನ್ನಿನ ಹತ್ತಿರದ ಕಾರು ಜ್ಯಾಕಿನಿಂದ ಜಾರಿದರೆ ಅದರ ಕೆಳಗಿದ್ದವನಿಗೆ ಎರಡನೇ ಅವಕಾಶವಿಲ್ಲ. ಗಾಡಿಯ ಜೊತೆ ಬರುವ ಜ್ಯಾಕ್ ಟೈರ್ ಬದಲಿಸುವುದಕ್ಕೆ ಮಾತ್ರ. ಕೆಳಗೆ ಹೋಗುವವರು ಜ್ಯಾಕ್ ಸ್ಟ್ಯಾಂಡ್ ಅಥವಾ ರ‍್ಯಾಂಪ್ ಕೊಳ್ಳಲೇಬೇಕು. ಇಟ್ಟಿಗೆ ಪೇರಿಸುವುದು, ಕಲ್ಲು ಒಡ್ಡುವುದು ಬೇಡ. ಇಟ್ಟಿಗೆ ಒಡೆಯುವಾಗ ಹೇಳಿ ಒಡೆಯುವುದಿಲ್ಲ. ನಮ್ಮ ಅಂಗಳಗಳದ್ದೇ ಒಂದು ತೊಡಕಿದೆ. ಶಹಾಬಾದ್ ಪರಸಿ ಹಾಸಿದ ನೆಲದ ಕೆಳಗೆ ಟೊಳ್ಳಿದ್ದರೆ ಜ್ಯಾಕಿನ ಭಾರಕ್ಕೆ ಪರಸಿ ಸೀಳುತ್ತದೆ. ದಪ್ಪ ಹಲಗೆ ಹಾಕಿ ಭಾರ ಹರಡಬೇಕು. ಬರೀ ಎರೆಮಣ್ಣಿನ ನೆಲವಾದರೆ ಆ ಕೆಲಸಕ್ಕೆ ಕೈಯೇ ಹಾಕಬೇಡಿ, ಮಳೆ ಬಿದ್ದ ಮೇಲಂತೂ ಬೇಡವೇ ಬೇಡ. ಏರ್ ಸಸ್ಪೆನ್ಶನ್ ಇರುವ ಕಾರು ಎತ್ತುವ ಮುಂಚೆ ಅದರ ಲೆವೆಲಿಂಗ್ ಬಂದ್ ಮಾಡದಿದ್ದರೆ ನೀವು ಕೆಳಗಿರುವಾಗಲೇ ಅದು ತಾನಾಗಿ ಮೈ ಇಳಿಸೀತು.

ನಾನು ಮುಟ್ಟದ ಕೆಲಸಗಳನ್ನೂ ಇಲ್ಲೇ ಹೇಳಿಬಿಡುತ್ತೇನೆ. ಏರ್‌ಬ್ಯಾಗಿನ ಹಳದಿ ಕನೆಕ್ಟರ್, ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್, ಟೈಮಿಂಗ್ ಚೈನ್, ಇಂಧನದ ಹೈ ಪ್ರೆಶರ್ ಪೈಪ್. ಬ್ರೇಕ್ ಪ್ಯಾಡ್ ಬದಲಿಸುತ್ತೇನೆ, ಬ್ರೇಕ್ ಆಯಿಲ್ ಬದಲಿಸಲು ಹೊರಗೆ ಕೊಡುತ್ತೇನೆ. ಅದು ಗಾಳಿಯ ತೇವ ಹೀರಿಕೊಳ್ಳುವ ದ್ರವ, ಎರಡು ವರ್ಷಕ್ಕೊಮ್ಮೆ ಹೋಗಲೇಬೇಕು. ಆದರೆ ಪೈಪಿನಲ್ಲಿ ಗಾಳಿ ಉಳಿದರೆ ಅದು ಗೊತ್ತಾಗುವುದು ತಿಂಥಣಿ ಸೇತುವೆಯ ಇಳುಕಲಿನಲ್ಲಿ.

ಇದಕ್ಕೆ ಹೋಲಿಸಿದರೆ ಆಯಿಲ್ ಬದಲಿಸುವುದು ಸಾಧು ಕೆಲಸ. ಎಂಜಿನ್ ಸ್ವಲ್ಪ ಬೆಚ್ಚಗಿರಬೇಕು, ಕುದಿಯಬಾರದು. ಚೇಂಬರ್ ಬೋಲ್ಟ್ ಸಡಿಲಿಸಿ ಕೊನೆಯ ಸುತ್ತನ್ನು ಕೈಯಿಂದ ಬಿಡಿಸಿದರೆ ಕಪ್ಪು ಧಾರೆ ತಟ್ಟೆಗೆ ಬೀಳುತ್ತದೆ. ಧಾರೆ ಹೋಗಿ ಹನಿಯಾಗುವವರೆಗೆ ಕಾಯಬೇಕು. ಫಿಲ್ಟರ್ ಮುಚ್ಚಳದ ರಬ್ಬರ್ ರಿಂಗ್ ಹೊಸದು, ಅದಕ್ಕೆ ಬೆರಳಿನಿಂದ ಹೊಸ ಆಯಿಲ್ ಸವರಬೇಕು. ಬೋಲ್ಟಿನ ವಾಶರ್ ಹೊಸದು. ಆಮೇಲೆ ಟಾರ್ಕ್ ಪಾನಾ. ಬಿಎಂಡಬ್ಲ್ಯುವಿನ ಚೇಂಬರ್ ಬೋಲ್ಟಿಗೆ ಸಾಮಾನ್ಯವಾಗಿ 25 ನ್ಯೂಟನ್ ಮೀಟರ್ ಬಿಗಿ ಸಾಕು. ನಮ್ಮ ಕಡೆ ಇದನ್ನೂ ಲಾರಿಯ ನಟ್ಟಿನ ಹಾಗೆ ಉದ್ದ ಪೈಪ್ ಹಾಕಿ ಜಗ್ಗುತ್ತಾರೆ. ಅಲ್ಯೂಮಿನಿಯಂ ಚೇಂಬರಿನ ಥ್ರೆಡ್ ಹರಿದುಹೋಗುತ್ತದೆ.

ಆಯಿಲ್ ಯಾವುದು ಎಂಬುದು ಅದಕ್ಕಿಂತ ದೊಡ್ಡ ವಿಷಯ. "ಡೀಸೆಲ್ ಗಾಡಿಗೆ ಡೀಸೆಲ್ ಆಯಿಲ್" ಎಂದು ಟ್ರ್ಯಾಕ್ಟರಿಗೆ ಹಾಕುವ 15ಡಬ್ಲ್ಯು-40 ಸುರಿದರೆ ಅದರ ಬೂದಿ ಹೊಗೆಕೊಳವೆಯಲ್ಲಿರುವ ಡಿಪಿಎಫ್ ಫಿಲ್ಟರಿನಲ್ಲಿ ಕೂಡುತ್ತ ಹೋಗುತ್ತದೆ. ಮಸಿಯನ್ನು ಸುಡಬಹುದು, ಬೂದಿಯನ್ನು ಸುಡಲಾಗದು. ಡಬ್ಬಿಯ ಹಿಂದೆ ಬಿಎಂಡಬ್ಲ್ಯುಗೆ ಲಾಂಗ್‌ಲೈಫ್-04, ಮರ್ಸಿಡಿಸ್‌ಗೆ 229.51 ಅಥವಾ 229.52, ಔಡಿಗೆ 507.00 ಹೀಗೆ ಅವರವರ ಕೈಪಿಡಿ ಹೇಳಿದ ಒಪ್ಪಿಗೆಯ ಸಂಖ್ಯೆ ಇದೆಯೇ ಎಂದು ನೋಡಿ ಕೊಳ್ಳಬೇಕು. ಮುಂದಿರುವ ದೊಡ್ಡ ಅಕ್ಷರದ ಹೆಸರು ಆಮೇಲೆ. ಇದನ್ನು ಕನ್ನಡಕ ಹಾಕಿಕೊಂಡು ಓದುವ ಮಾಲೀಕ, ಪೀಪಾಯಿಯಿಂದ ಅಳೆದು ಹಾಕುವ ಯಾವ ಗ್ಯಾರೇಜಿಗಿಂತಲೂ ತನ್ನ ಎಂಜಿನ್ನಿಗೆ ಒಳ್ಳೆಯವನು.

ನಕಲಿ ಮಾಲಿನ ಭಯ ತೋರಿಸುವವರಿಗೂ ಇಲ್ಲೇ ಉತ್ತರ. ನಕಲಿ ಆಯಿಲ್, ನಕಲಿ ಪ್ಯಾಡ್ ಮಾರುಕಟ್ಟೆಯಲ್ಲಿ ಇರುವುದು ನಿಜ, ಬಿಲ್ ಕೊಡದ ಅಂಗಡಿಯಲ್ಲಿ ಕೊಳ್ಳಬಾರದು. ಆದರೆ ಜರ್ಮನ್ ಕಂಪನಿಯ ಮುದ್ರೆ ಹೊತ್ತ ಡಬ್ಬಿಯ ಒಳಗಿರುವ ಫಿಲ್ಟರ್ ಬಹಳ ಸಲ ಮ್ಯಾನ್ ಅಥವಾ ಮಾಹ್ಲೆ ಮಾಡಿದ್ದೇ. ಅದೇ ಫಿಲ್ಟರ್ ಅವರದೇ ಡಬ್ಬಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಬೆಂಗಳೂರಿನಲ್ಲಿ ಮೈಕೋ ಎಂದು ಮನೆಮಾತಾದ ಬಾಷ್‌ನ ಮಾಲು ಕೂಡ ಹಾಗೆಯೇ. ಇಂಥ ತಯಾರಕರು ನೇರವಾಗಿ ಪೇಟೆಗೆ ಮಾರದಂತೆ ಕಾರು ಕಂಪನಿಗಳು ಒಪ್ಪಂದದಲ್ಲಿ ಕಟ್ಟಿಹಾಕುವುದು ಮೇಲೆ ಹೇಳಿದ ಆಯೋಗದ ಪ್ರಕರಣದಲ್ಲಿ ಚರ್ಚೆಯಾದ ಮುಖ್ಯ ಸಂಗತಿಗಳಲ್ಲಿ ಒಂದು.

"ಮಾರುವಾಗ ಬೆಲೆ ಬರೋದಿಲ್ಲ" ಎನ್ನುವ ದಲ್ಲಾಳಿಗಳಿಗೆ ಹೆಚ್ಚು ಹೇಳುವುದಿಲ್ಲ. ಮೂರು ವರ್ಷದ ಕಾರಿಗೆ ಅವರ ಮಾತು ನಿಜ, ಕಂಪನಿಯ ಸರ್ವಿಸ್ ದಾಖಲೆಗೆ ಬೆಲೆ ಇದೆ. ಹತ್ತು ವರ್ಷದ ಕಾರು ಕೊಳ್ಳಲು ಬರುವವನು ಎಂಜಿನ್ ಚಾಲೂ ಮಾಡಿ ಕಿವಿಗೊಡುತ್ತಾನೆ, ಕೆಳಗೆ ಆಯಿಲ್ ಸೋರಿದೆಯೇ ಎಂದು ಬಗ್ಗಿ ನೋಡುತ್ತಾನೆ. ಅವನ ಮುಂದೆ ತಾರೀಖು, ಕಿಲೋಮೀಟರ್ ಬರೆದಿಟ್ಟ ನೋಟ್‌ಬುಕ್ಕು, ಬಿಡಿಭಾಗಗಳ ಬಿಲ್ಲು ಇಟ್ಟರೆ ಅವನಿಗೆ ಸಾಕು. ಅಂಥದ್ದು ಇಟ್ಟುಕೊಳ್ಳದವರಿಗೆ ಬೆಲೆ ಬರದಿದ್ದರೆ ಅದು ನ್ಯಾಯವೇ.

"ಹೀಗೆ ಎಲ್ಲರೂ ಮಾಡಿಕೊಂಡರೆ ಗ್ಯಾರೇಜಿನ ಹುಡುಗರ ಹೊಟ್ಟೆಗೇನು?" ಎಂದು ಕೇಳಿದವರು ಯಾದಗಿರಿಯ ಒಬ್ಬ ಹಿರಿಯ ಮಿಸ್ತ್ರಿ. ಅವರನ್ನು ನಾನು ಚಾಚಾ ಎಂದೇ ಕರೆಯುವುದು. ಈ ಮಾತನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ಆದರೆ ಚಾಚಾ, ಈ ಕಾರುಗಳ ಆಯಿಲ್ ಕೆಲಸ ನಿಮ್ಮ ಹತ್ತಿರ ಯಾವತ್ತು ಬಂದಿತ್ತು? ಅದು ಹೋಗುತ್ತಿದ್ದದ್ದು ಹೈದರಾಬಾದಿಗೆ. ನಾನು ಅಂಗಳದಲ್ಲೇ ಕೆಲಸ ಶುರು ಮಾಡಿದ ಮೇಲೆ ಊರಿನ ಟೈರ್ ಅಂಗಡಿಗೆ, ಸೈಲೆನ್ಸರ್ ವೆಲ್ಡಿಂಗಿಗೆ, ಬುಶ್ ಒತ್ತುವ ಪ್ರೆಸ್ಸಿಗೆ ನನ್ನ ದುಡ್ಡು ಹರಿಯತೊಡಗಿತು. ಕೈಗೆ ಬಗ್ಗದ ಬೋಲ್ಟನ್ನು ಕಾಯಿಸಿ ಬಿಡಿಸಿಕೊಟ್ಟದ್ದು ನೀವೇ. ಸ್ಕ್ಯಾನರಿನಲ್ಲಿ ಬಂದ ಕೋಡಿಗೆ ಅರ್ಥ ಹುಡುಕಿದ್ದು ನಿಮ್ಮ ಮೊಮ್ಮಗ. ದೊಡ್ಡ ಕಾರು ಎಂದರೆ ಮಾರು ದೂರ ಸರಿಯುತ್ತಿದ್ದ ಅದೇ ಹುಡುಗ ಈಗ ಬಾನೆಟ್ ಎತ್ತಿ ತಾನೇ ಮಾತಾಡುತ್ತಾನೆ.

ನನ್ನನ್ನು ನಿಜವಾಗಿ ಸುಮ್ಮನಾಗಿಸಿದ ಆಕ್ಷೇಪ ಒಂದೇ, ಅದು ಹಳೆಯ ಆಯಿಲಿನದು. "ಇಳಿಸಿದ ಎಣ್ಣೆ ಎಲ್ಲಿ ಚೆಲ್ತೀರಿ?" ಎಂದು ಶಾಲೆಯ ಮೇಷ್ಟ್ರೊಬ್ಬರು ಕೇಳಿದರು. ಹಳೆಯ ಆಯಿಲನ್ನು ನಾವು ಬಾಗಿಲ ಚೌಕಟ್ಟಿಗೆ ಗೆದ್ದಲು ಹತ್ತದಂತೆ ಬಳಿಯುತ್ತೇವೆ, ಒಲೆಗೆ ಸುರಿದು ಹೊತ್ತಿಸುತ್ತೇವೆ, ಉಳಿದದ್ದನ್ನು ಹಳ್ಳದ ಕಡೆ ಚೆಲ್ಲುತ್ತೇವೆ. ಯಾದಗಿರಿಯ ಹಳ್ಳದ ನೀರು ಭೀಮೆಗೆ, ಸುರಪುರದ್ದು ಕೃಷ್ಣೆಗೆ. ಎರಡೂ ರಾಯಚೂರಿನ ಕಡ್ಲೂರಿನ ಹತ್ತಿರ ಕೂಡುತ್ತವೆ. ದಡದ ಊರುಗಳು ಅದೇ ನೀರು ಕುಡಿಯುತ್ತವೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಆಯಿಲೂ ಸೇರಿದೆ. ಅದನ್ನು ವಾಪಸು ಪಡೆದು ಮರುಬಳಕೆ ಮಾಡಿಸುವ ಹೊಣೆಯನ್ನು 2024ರ ಏಪ್ರಿಲ್‌ನಿಂದ ಆಯಿಲ್ ತಯಾರಿಸುವವರ ಮೇಲೂ ಹಾಕಲಾಗಿದೆ. ಹಾಗೆಂದು ಕಂಪನಿಯ ಗಾಡಿ ಸುರಪುರದ ಓಣಿಗೆ ಬಂದು ನನ್ನ ಡಬ್ಬಿ ಒಯ್ಯುವುದಿಲ್ಲ. ಅದಕ್ಕೆ ಹೊಸ ಆಯಿಲ್ ಬಂದ ಡಬ್ಬಿಗೇ ಹಳೆಯದನ್ನು ತುಂಬಿ, ಹಳೆಯ ಫಿಲ್ಟರನ್ನು ರಾತ್ರಿಯಿಡೀ ಬೋರಲು ಹಾಕಿ ಬಸಿದು, ಮರುಬಳಕೆಯವರಿಗೆ ಪೀಪಾಯಿಗಟ್ಟಲೆ ಕೊಡುವ ಗ್ಯಾರೇಜಿಗೆ ಒಯ್ದು ಹಾಕಿಬರುತ್ತೇನೆ. ಕೂಲಂಟನ್ನೂ ಮೋರಿಗೆ ಚೆಲ್ಲಬಾರದು. ಅದು ಸಿಹಿ, ನಾಯಿ ನೆಕ್ಕಿದರೆ ಸಾಯುತ್ತದೆ. ಇಷ್ಟು ಮಾಡಲಾಗದವರು ಅಂಗಳದಲ್ಲಿ ಆಯಿಲ್ ಬದಲಿಸಬಾರದು. ಈ ಒಂದು ವಿಷಯದಲ್ಲಿ ನಾನು ಮೇಷ್ಟ್ರ ಪಕ್ಷ.

ಕೊನೆಗೆ, "ಇವತ್ತು ಆಯಿಲ್ ಅಂತೀರಿ, ನಾಳೆ ಗೇರ್‌ಬಾಕ್ಸ್ ಬಿಚ್ಚಿ ಕೂರ್ತೀರಿ" ಎಂದು ಅಣಕಿಸುವವರು. ಗೇರ್‌ಬಾಕ್ಸಿನ ಮಾತು ಬಂದದ್ದು ಒಳ್ಳೆಯದೇ ಆಯಿತು. ಬಿಎಂಡಬ್ಲ್ಯುಗೆ ಎಂಟು ಗೇರಿನ ಆಟೊಮ್ಯಾಟಿಕ್ ಮಾಡಿಕೊಡುವುದು ಜರ್ಮನಿಯ ಜೆಡ್‌ಎಫ್. ಅದರ ಆಯಿಲ್ ಗಾಡಿಯ ಆಯುಷ್ಯವಿಡೀ ಬರುತ್ತದೆಂದು ಕಾರಿನವರು ಬಹುಕಾಲ ಹೇಳುತ್ತ ಬಂದರು. ಗೇರ್‌ಬಾಕ್ಸ್ ಮಾಡಿದ ಜೆಡ್‌ಎಫ್‌ನವರು 80 ಸಾವಿರದಿಂದ 1 ಲಕ್ಷ 20 ಸಾವಿರ ಕಿ.ಮೀ. ಒಳಗೆ ಬದಲಿಸಿ ಎನ್ನುತ್ತಾರೆ. ಕಂಪನಿಯ ಮಾತೇ ವೇದ ಎನ್ನುವವರು ಯಾವ ಕಂಪನಿಯದು ಎಂದು ಮೊದಲು ತೀರ್ಮಾನಿಸಲಿ. ನನ್ನ ಕಾರು ಲಕ್ಷ ದಾಟಿದೆ, ಹಾಗಾಗಿ ಆಯಿಲ್ ಬದಲಿಸುವುದು ಖಾತ್ರಿ. ಆದರೆ ಅದನ್ನು ಅಂಗಳದಲ್ಲಿ ಮಾಡುವುದಿಲ್ಲ. ಆ ಆಯಿಲಿನ ಮಟ್ಟ ನೋಡಬೇಕಾದರೆ ಕಾರು ನಾಲ್ಕೂ ಚಕ್ರ ಸಮವಾಗಿ ಮೇಲೆತ್ತಿರಬೇಕು, ಎಂಜಿನ್ ಓಡುತ್ತಿರಬೇಕು, ಆಯಿಲಿನ ಉಷ್ಣತೆ 30ರಿಂದ 50 ಡಿಗ್ರಿಯ ನಡುವೆ ಇರಬೇಕು. ನಮ್ಮಲ್ಲಿ ಬೇಸಿಗೆಯ ಮಧ್ಯಾಹ್ನ ನೆರಳಿನಲ್ಲಿ ನಿಂತ ಗಾಡಿಯ ಆಯಿಲೇ 40 ದಾಟಿರುತ್ತದೆ. ಲಿಫ್ಟೂ ಸ್ಕ್ಯಾನರೂ ಇರುವ ಹೈದರಾಬಾದಿನ ಒಂದು ಗ್ಯಾರೇಜಿನಲ್ಲಿ ದಿನ ಗೊತ್ತು ಮಾಡಿಕೊಂಡಿದ್ದೇನೆ. ಹತ್ತಿ ಬಿಡಿಸುವ ಗಲಾಟೆ ಮುಗಿದ ಮೇಲೆ ಹೊರಡುತ್ತೇನೆ. ಆಯಿಲ್, ಪ್ಯಾನ್, ಬೋಲ್ಟುಗಳ ಜೆಡ್‌ಎಫ್ ಕಿಟ್ ಮಾತ್ರ ನಾನೇ ತರಿಸಿ ಡಿಕ್ಕಿಯಲ್ಲಿ ಇಟ್ಟುಕೊಂಡು ಹೋಗುತ್ತಿದ್ದೇನೆ, ಹಳೆಯ ಪ್ಯಾನನ್ನು ನನ್ನ ಕೈಗೇ ಕೊಡಬೇಕು ಎಂದು ಮೊದಲೇ ಹೇಳಿದ್ದೇನೆ.